ಮೊಣಕೈ ಮಡಚಿ ಕಟ್ಟಿಸಿದ ಮನೆ

ಸಿದ್ಧಕಟ್ಟೆ
೧೨ ಜನವರಿ ೨೦೨೫, ಆದಿತ್ಯವಾರ

ನಮ್ಮ ಮಗಳು ಫಿದಾಳ ಪ್ರೀತಿಯ ಉಪ್ಪನಿಗೆ ಶಹನಾಝಳ ಸಲಾಂ.

ಹೇಗಿದ್ದೀರಿ? ದಮ್ಮಾಮಿನಲ್ಲಿ ಈ ಸಲ ಚಳಿ ಜೋರು ಎಂದು ಸಾಬಿತ್ ಹೇಳಿದ. ಕೆಮ್ಮು ಕಡಿಮೆಯಾಯಿತೇ? ಸಿಟ್ಟಿದ್ದರೂ ಇದನ್ನು ಮನಸ್ಸಿನಿಂದಲೇ ಕೇಳುತ್ತಿದ್ದೇನೆ. ಇಲ್ಲಿ ನಿಮ್ಮ ಉಮ್ಮ ಚೆನ್ನಾಗಿದ್ದಾರೆ. ಫಿದಾಳ ಮುಂದಿನ ಹಲ್ಲು ಬಿದ್ದಿದೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನನ್ನ ಸುದ್ದಿ ನೀವು ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳಬೇಕು. ಫೋನಿನಲ್ಲಿ ಹೇಳಹೊರಟರೆ ‘ಸ್ವಲ್ಪ ಎಡಕ್ಕೆ ತಿರುಗಿಸು, ಗೋಡೆ ಕಾಣುವುದಿಲ್ಲ’ ಎನ್ನುತ್ತೀರಿ. ಪತ್ರವನ್ನು ಹಾಗೆ ತಿರುಗಿಸಲು ಬರುವುದಿಲ್ಲ. ನೆರೆಮನೆಯ ಸಾಬಿತ್ ರಜೆ ಮುಗಿಸಿ ನಾಳೆ ಅಲ್ಲಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಅಡಿಪಾಯದ ಪಂಚಾಂಗಕ್ಕೆ ಕಲ್ಲು ಇಟ್ಟ ದಿನದಿಂದ ನಿಮ್ಮ ಹೊಸ ಮನೆಗೆ ನಾನೇ ಕ್ಯಾಮರಾ. ನೀವು ಡ್ಯೂಟಿ ಮಧ್ಯೆ ವೀಡಿಯೋ ಕಾಲ್ ಮಾಡುವುದು, ನಾನು ಒಲೆಯ ಮೇಲಿನದನ್ನು ಇಳಿಸಿ ಓಡುವುದು, ಎಡಗೈ ಮಡಚಿ ಫೋನ್ ಎತ್ತಿ ಹಿಡಿದು ಕೆಂಪುಕಲ್ಲಿನ ಒಂದೊಂದೇ ಸಾಲು ತೋರಿಸುವುದು. ಲಿಂಟಲ್ ತೋರಿಸು, ಕಿಟಕಿಯ ಮೂಲೆ ತೋರಿಸು, ಸಿಮೆಂಟ್ ಚೀಲದ ಮೇಲಿನ ಹೆಸರು ತೋರಿಸು. ಕೈ ಸೋತಾಗ ಗೋಡೆಯ ಅಂಚಿಗೆ ಮೊಣಕೈ ಊರುತ್ತಿದ್ದೆ. ಮೇಸ್ತ್ರಿ ನೋಣಯ್ಯಣ್ಣನಿಗೆ ನೀವು ಬೈಯುವುದೂ ನನ್ನ ಕೈಯಲ್ಲಿದ್ದ ಫೋನಿನಿಂದಲೇ ಆಗಬೇಕಿತ್ತು. ಊರಿನ ಎಷ್ಟೋ ಮನೆಗಳು ಹೀಗೆಯೇ ಏಳುತ್ತಿವೆ, ಗೊತ್ತು. ಯಾವ ಹೆಂಗಸೂ ಬಾಯಿ ಬಿಟ್ಟಿಲ್ಲ, ಅಷ್ಟೇ.

ಮೊದಲು ಕಿರುಬೆರಳಿಗೆ ಜೋಮು ಹಿಡಿಯಿತು, ಆಮೇಲೆ ಉಂಗುರದ ಬೆರಳಿಗೆ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ನಿಮ್ಮ ಅಣ್ಣ ಉಮ್ಮರ್ ಅದು ಕುತ್ತಿಗೆಯ ದೋಷ ಎಂದರು, ನೀವು ಗ್ಯಾಸ್ ಎಂದಿರಿ. ಒಬ್ಬರೂ ಕೈ ಮುಟ್ಟಿ ನೋಡಿದವರಲ್ಲ. ನಿಮ್ಮ ಉಮ್ಮ ಪಾಪ, ಬಿಸಿ ಎಣ್ಣೆ ಹಚ್ಚಿ, ಅಲುಗಾಡಬಾರದೆಂದು ಕೈಯನ್ನು ಎದೆಗೆ ಮಡಚಿ ಶಾಲಿನಿಂದ ಕಟ್ಟಿ ಮಲಗಿಸಿದರು. ಬೆಳಿಗ್ಗೆ ಏಳುವಾಗ ಆ ಎರಡು ಬೆರಳು ನನ್ನವೇ ಎಂದು ಗೊತ್ತಾಗುತ್ತಿರಲಿಲ್ಲ. ಒಂದು ದಿನ ಮೀನಿನ ಚಟ್ಟಿ ಕೈಜಾರಿ ಒಡೆದು ಸಾರೆಲ್ಲ ನೆಲದ ಪಾಲಾಯಿತು. ಅವತ್ತೇ ತಂಗಿ ಶಹಲಾಳನ್ನು ಕರೆದುಕೊಂಡು ಬಸ್ಸು ಹತ್ತಿ ಮೂಡುಬಿದಿರೆಗೆ ಹೋದೆ.

ಡಾಕ್ಟರ್ ಮೊಣಕೈಯ ಒಳಮಗ್ಗುಲಿಗೆ ಬೆರಳಿನಿಂದ ತಟ್ಟಿದರು, ಕಿರುಬೆರಳಿನವರೆಗೆ ಕರೆಂಟ್ ಹೊಡೆಯಿತು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಗದ ಕೊಟ್ಟು ಎಳೆದರು. ಬಲಗೈಯಲ್ಲಿ ನಿಂತಿತು, ಎಡಗೈಯಿಂದ ಸುಮ್ಮನೆ ಜಾರಿ ಹೋಯಿತು. ಮೊಣಕೈಯ ಸಂದಿನಲ್ಲಿ ನರ ಅದುಮಿಕೊಂಡಿದೆ, ಕೈ ಮಡಚಿದಷ್ಟೂ ಅದು ಬಿಗಿಯುತ್ತದೆ ಎಂದರು. ‘ಇಷ್ಟು ಹೊತ್ತು ಕೈ ಮಡಚಿ ಎಂಥ ಕೆಲಸ ಮಾಡ್ತೀರಿ ನೀವು?’ ಎಂದು ಕೇಳಿದರು. ‘ಮನೆ ಕಟ್ತೇನೆ ಡಾಕ್ಟ್ರೇ’ ಎಂದೆ. ಅವರು ನಕ್ಕರು. ನನಗೆ ಅಳು ಬಂತು.

ಮಲಗುವಾಗ ಕೈ ಮಡಚದಂತೆ ಟವೆಲ್ ಸುತ್ತಿಕೊಳ್ಳಬೇಕು, ಮೊಣಕೈ ಊರಬಾರದು, ಫೋನ್ ಎತ್ತಿ ಹಿಡಿಯಲೇಬಾರದು ಎಂದು ಹೇಳಿ ಕಳಿಸಿದರು. ಮನೆಗೆ ಬಂದು ನಿಮಗೆ ಇದನ್ನೆಲ್ಲ ಹೇಳಿದರೆ ನೀವು ಏನು ಹೇಳಿದಿರಿ, ನೆನಪಿದೆಯೇ? ‘ಹಾಗಾದ್ರೆ ಬಲಗೈಯಲ್ಲಿ ಹಿಡಿ ಮಾರಾಯ್ತಿ, ನಾಳೆ ಸ್ಲ್ಯಾಬ್ ಹಾಕ್ಲಿಕ್ಕುಂಟು.’ ಸ್ಲ್ಯಾಬ್ ಹಾಕಿದ್ದೂ ಆಯಿತು, ಪ್ಲಾಸ್ಟರ್ ಆಗಿದ್ದೂ ಆಯಿತು. ಎರಡೂ ಕೈ ಬದಲಿಸುತ್ತಾ ಹಿಡಿದದ್ದು ನಾನು. ಹಿಡಿಯುವುದಿಲ್ಲ ಎಂದ ದಿನ ನೀವು ಮುಖ ಊದಿಸಿಕೊಂಡು ಮಗಳ ಹತ್ತಿರವೂ ಮಾತಾಡಲಿಲ್ಲ.

ಈಗ ಹೆಬ್ಬೆರಳಿನ ಪಕ್ಕದ ಮಾಂಸ ಕರಗಿ ಹಳ್ಳ ಬಿದ್ದಿದೆ. ನರಕ್ಕೆ ಕರೆಂಟ್ ಕೊಟ್ಟು ಪರೀಕ್ಷೆ ಮಾಡಿದ ಮೇಲೆ ಡಾಕ್ಟರ್ ನಗಲಿಲ್ಲ. ಆಪರೇಷನ್ ಮಾಡಿ ನರವನ್ನು ಬಿಡಿಸಬೇಕು, ತಡ ಮಾಡಿದರೆ ಹೋದ ಶಕ್ತಿ ತಿರುಗಿ ಬಾರದೆ ಬೆರಳುಗಳು ಕೊಕ್ಕೆಯ ಹಾಗೆ ನಿಲ್ಲಬಹುದು ಎಂದರು. ನೀವು ಎಪ್ರಿಲಿಗೆ ದೂಡಿದಿರಿ. ಹೊಸ ಮನೆಗೆ ಒಕ್ಕಲಾಗಲು ಹೇಗೂ ರಜೆ ಹಾಕಿದ್ದೇನೆ, ಆಗ ನೋಡುವ ಎಂದಿರಿ. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ನಿಮಗೆ ಅನ್ನ ಸೇರುವುದಿಲ್ಲ. ನನ್ನ ಕೈ ಎಪ್ರಿಲಿನವರೆಗೆ ಕಾಯಬಹುದೇ? ನಿಮ್ಮ ಮೇಲೆ ನನಗೆ ಇಷ್ಟು ಸಿಟ್ಟು ಮದುವೆಯಾದಂದಿನಿಂದ ಬಂದದ್ದಿಲ್ಲ. ಅದಕ್ಕಿಂತ ಹೆಚ್ಚು ಬೇಸರ ಬಂದಿದೆ.

ಊಟ ಸರಿಯಾಗಿ ಮಾಡಿ. ಕೆಮ್ಮಿನ ಮದ್ದು ಸಾಬಿತನ ಬ್ಯಾಗಿನಲ್ಲಿದೆ. ಸೃಷ್ಟಿಸಿದವನು ನಿಮ್ಮನ್ನು ಚೆನ್ನಾಗಿಡಲಿ, ಉಮ್ಮನ ದುಆ ಮತ್ತು ಫಿದಾಳ ಮುತ್ತು ನಿಮಗೆ.

ನಿಮ್ಮ
ಶಹನಾಝ್

ಮತ್ತೆ ಬರೆದದ್ದು: ಪತ್ರಕ್ಕಾಗಿ ಸಾಬಿತ್ ಬಾಗಿಲಲ್ಲಿ ನಿಂತಿದ್ದಾನೆ, ಮುಖ್ಯ ವಿಷಯವೇ ಬಿಟ್ಟುಹೋಯಿತು. ಇಪ್ಪತ್ತೊಂದಕ್ಕೆ, ಮಂಗಳವಾರ, ಆಪರೇಷನ್. ನಾನೇ ಒಪ್ಪಿ ಬಂದಿದ್ದೇನೆ, ಶಹಲಾ ಜೊತೆಗಿರುತ್ತಾಳೆ. ನಿನ್ನೆ ನೋಣಯ್ಯಣ್ಣನಿಗೆ ಹೇಳಿ ಮನೆ ಕೆಲಸ ನಿಲ್ಲಿಸಿದ್ದೇನೆ. ಒಕ್ಕಲಿಗೆ ಇಟ್ಟ ರಜೆಯನ್ನು ಈಗಲೇ ತೆಗೆದುಕೊಂಡು ಬನ್ನಿ. ಬಾರದಿದ್ದರೆ ಆಸ್ಪತ್ರೆಯಿಂದ ಫಿದಾಳನ್ನು ಕರೆದುಕೊಂಡು ಫರಂಗಿಪೇಟೆಗೆ, ನನ್ನ ಉಮ್ಮನ ಮನೆಗೆ ಹೋಗುತ್ತೇನೆ. ಎಪ್ರಿಲಿನಲ್ಲಿ ನಿಮ್ಮ ಮನೆಗೆ ನೀವೊಬ್ಬರೇ ಒಕ್ಕಲಾಗಿ.