ಹಲ್ಲು ಸೇರುವುದಿಲ್ಲ

ಸೋಮವಾರ, 4 ನವೆಂಬರ್ 2002. ಸಿದ್ದಾಪುರ

ಸಹಕಾರಿ ಸಂಘದ ಲೆಕ್ಕ ಮುಗಿಸಿ ಆರಕ್ಕೆ ಮನೆ. ಅನ್ನ, ಬೆಳಗಿನ ಸಾರು. ಎಡಗೆನ್ನೆಯ ಒಳಗೆ ಉರಿ. ತಣಿಸಿಕೊಂಡು ಉಂಡೆ. ಎದುರಿನ ಟೈಲರ್ ಕೆರಿಯಪ್ಪ ಅಂಗಡಿ ಮುಚ್ಚಿ ಬಂದ. ದಿನದಂತೆ ಕಟ್ಟೆಯ ಮೇಲೆ ಕವಳ. ಎಲೆಗೆ ಸುಣ್ಣ ಹಚ್ಚುವುದು ನಾನು, ಅಡಿಕೆ ಕತ್ತರಿಸುವುದು ಅವನು. ಮಾತು ಹೆಚ್ಚಿಲ್ಲ. ವರ್ಷಗಳಿಂದ ಹೀಗೇ.

ರಷ್ಯನ್ ಕಾದಂಬರಿ, ಅರ್ಧ ಆಯಿತು. ಅನುವಾದಕರು ಸಮೋವಾರನ್ನು ‘ಚಹಾದ ಹಂಡೆ’ ಮಾಡಿದ್ದಾರೆ. ಒಪ್ಪಲಾರೆ.

ಗುರುವಾರ, 7

ಶಿರಸಿ. ದಂತವೈದ್ಯೆ ಡಾ. ಪರಿಮಳಾ ಬಾಯಿ ತೆರೆಸಿ ದೀಪ ಹಿಡಿದು ಎರಡೆರಡು ಸಲ ನೋಡಿದರು. ಅದು ಹಿಡಿಸಲಿಲ್ಲ. ದವಡೆ ಹಲ್ಲೊಂದು ಮುರಿದಿದೆ. ಪಕ್ಕದಲ್ಲೇ ಕೆನ್ನೆಗೆ ಹುಣ್ಣು, ಸುತ್ತ ಬಿಳಿ.

“ಕವಳ ಯಾವಾಗಿಂದ?”

“ಮೀಸೆ ಬಂದಾಗಿನಿಂದ.”

ನಗಲಿಲ್ಲ. “ಹಲ್ಲು ತಾಗಿ ಆದ ಹುಣ್ಣಿರಬಹುದು. ಅಲ್ಲದೆಯೂ ಇರಬಹುದು. ಹುಬ್ಬಳ್ಳಿಗೆ ಹೋಗಿ, ಚೂರು ತೆಗೆದು ಬಯಾಪ್ಸಿ ಮಾಡ್ತಾರೆ. ಕವಳ ಇವತ್ತಿಂದ ಬಂದ್.”

ಕ್ಯಾನ್ಸರ್ ಎಂಬ ಶಬ್ದವನ್ನು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ.

ಸಂಜೆ ಕೆರಿಯಪ್ಪ ಬಂದಾಗ ಕವಳದ ಹರಿವಾಣ ಒಳಗೇ ಇತ್ತು. ಕವಳ ಬಿಟ್ಟೆ ಎಂದೆ.

“ಎಂತಕ್ರಾ ಹೆಗಡೇರೆ?”

“ಹಾಗೇ.”

ಸ್ವಲ್ಪ ಹೊತ್ತು ನಿಂತ. ಕೂರು ಎನ್ನಲು ನನಗೆ ಹೊಳೆಯಲಿಲ್ಲ. ಹೋದ.

ಶನಿವಾರ, 9

ಮೆಡಿಕ್ಲೇಮ್ ಮಾಡಿಸಿಕೊಟ್ಟ ಏಜೆಂಟ್ ಕಿಶೋರ ಬಂದಿದ್ದ. ಹಲ್ಲು, ಹುಣ್ಣು, ಬಯಾಪ್ಸಿ — ಇಷ್ಟು ಹೇಳಿದೆ.

“ಮಾವ, ಹಲ್ಲಿಂದಾದ್ರೆ ಎಂತೂ ಬತ್ತಿಲ್ಲೆ. ಪಾಲಿಸೀಲಿ ಹಲ್ಲು ಸೇರ್ತಿಲ್ಲೆ.”

“ಬಾಯಿ?”

“ಬಾಯಿ ಸೇರ್ತು.”

“ಹಲ್ಲು ಬಾಯಲ್ಲೇ ಇಪ್ಪದು, ಕಿಶೋರ.”

“ಅದು ನಿಂಗಕ್ಕೆ. ಕಂಪನಿಗೆ ಬೇರೆ ಬೇರೆ.” ನಕ್ಕ. “ಹಲ್ಲಲ್ಲ, ಬೇರೆಂತಾರೂ ದೊಡ್ಡದು ಹೇಳಿ ರಿಪೋರ್ಟ್ ಬಂದು ಅಡ್ಮಿಟ್ ಆದ್ರೆ ಪೂರ್ತಿ ಬತ್ತು. ಆನು ಬಿಡ್ತ್ನಿಲ್ಲೆ. ದೇವರತ್ರ ಕೇಳ್ಕ್ಯಳಿ.”

ಒಳ್ಳೆಯವನೇ. ತಾನು ಏನನ್ನು ಕೇಳಿಕೊಳ್ಳಲು ಹೇಳುತ್ತಿದ್ದೇನೆಂದು ಅವನಿಗೆ ಗೊತ್ತಾಗಲಿಲ್ಲ.

ದೀಪ ಹಚ್ಚುವಾಗ ಕೇಳಿಕೊಂಡೆ — ವಿಮೆ ಸಿಗದಿರಲಿ.

ಸೋಮವಾರ, 18

ಹುಬ್ಬಳ್ಳಿ. “ಜೊತಿಗೆ ಯಾರ್ ಬಂದಾರ್ರೀ?” ನರ್ಸ್ ಕೇಳಿದಳು.

“ಯಾರೂ ಇಲ್ಲ.”

“ಹೊರಗ ಕುಂತಿರ್ತಾರಲ್ರೀ, ಕರೀರಿ.”

ಹೊರಗೂ ಇಲ್ಲ ಎಂದೆ. ಚೂರು ತೆಗೆದರು. ಹೊಲಿಗೆ. ಹತ್ತಿ ಕಚ್ಚಿಕೊಂಡು ಬಸ್ಸು ಹತ್ತಿದೆ.

ಕಾದಂಬರಿಯಲ್ಲಿ ಜನ ರೈಲಿನಲ್ಲಿ ಅಪರಿಚಿತರಿಗೆ ಎಲ್ಲವನ್ನೂ ಹೇಳಿಬಿಡುತ್ತಾರೆ, ಪುಟಗಟ್ಟಲೆ. ನನ್ನ ಪಕ್ಕದವರು ಮುಂಡಗೋಡದವರೆಗೂ ನಿದ್ದೆ. ನನಗೂ ಬಾಯಿ ತೆರೆಯುವಂತಿರಲಿಲ್ಲ.

ಶನಿವಾರ, 23

ಕೆರಿಯಪ್ಪ ಅಂಗಡಿ ಮುಚ್ಚಿ ಸೀದಾ ಹೋಗುತ್ತಾನೆ. ಈ ಕಡೆ ನೋಡುವುದಿಲ್ಲ. ಕವಳ ಬಿಟ್ಟವನಿಗೆ ತಾನೂ ಬೇಡವಾದೆ ಅಂದುಕೊಂಡಿರಬೇಕು. ಅದೇ ಹೊತ್ತಿಗೆ ಕಟ್ಟೆಯ ಮೇಲೆ ಕೂತಿದ್ದೆ... ಓದುವ ನೆಪ. ಒಂದು ಪುಟವೂ ಮಗುಚಲಿಲ್ಲ.

ಮಂಗಳವಾರ, 3 ಡಿಸೆಂಬರ್. ಹುಬ್ಬಳ್ಳಿ

ಹಲ್ಲೇ.

ಮುರಿದ ಹಲ್ಲು ಉಜ್ಜಿ ಆದ ಹುಣ್ಣು. ಬಯಾಪ್ಸಿಯಲ್ಲಿ ಬೇರೇನೂ ಇಲ್ಲ. ಹಲ್ಲು ಕಿತ್ತರು. ಕವಳ ಮಾತ್ರ ಇನ್ನೆಂದೂ ಬೇಡ ಎಂದರು.

ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನೊಳಗೆ ಹೋದಮೇಲೆ, ಯಾರಿಗೆ ಎಂಬ ಪ್ರಶ್ನೆ. ಜೇಬಿನಲ್ಲಿ ಕಿಶೋರನ ಕಾರ್ಡ್ ಇತ್ತು.

“ಕಿಶೋರ, ಹಲ್ಲು ಹೇಳಿ ರಿಪೋರ್ಟ್ ಬಂತು.”

“ಛೇ! ಹಲ್ಲೇಯಾ? ಎಂತಾ ಆಗೋತು ಮಾವ... ಬೇಜಾರ ಮಾಡ್ಕ್ಯಳಡಿ.”

ಇಲ್ಲ ಎಂದೆ. ಲೋಕದಲ್ಲಿ ಈ ಸುದ್ದಿಯನ್ನು ನನ್ನಿಂದ ಕೇಳಿದವನು ಒಬ್ಬನೇ, ಅವನೂ ಮರುಗಿದ. ನಗು ಬಂತು. ನಕ್ಕರೆ ನೋವು.

ಬುಧವಾರ, 4. ಸಂಜೆ

ಕಟ್ಟೆಯಲ್ಲಿ ಕೂತೇ ಬರೆಯುತ್ತಿದ್ದೇನೆ. ಎದುರು ಮಷಿನ್ ಸದ್ದು ನಿಂತಿತು. ಕೆರಿಯಪ್ಪ ಬಾಗಿಲು ಹಾಕಿ ಸೈಕಲ್ ಹಿಡಿದ. ಕರೆದೆ. ನಾನೇ ಎಂದೂ ಕರೆದದ್ದಿಲ್ಲ, ಅವನಾಗಿ ಬರುತ್ತಿದ್ದ.

“ಕವಳ ಬಿಟ್ಟೋರು ಕರಿಯೂದು ಎಂತಕ್ಕೆ?” ರಸ್ತೆಯಾಚೆಯಿಂದಲೇ.

“ಕೂರಲಿಕ್ಕೆ.”

ಸೈಕಲ್ ಸ್ಟ್ಯಾಂಡ್ ಹಾಕುತ್ತಿದ್ದಾನೆ. ಹರಿವಾಣವಿಲ್ಲದೆ ಕೂರುವುದು ಹೇಗೆಂದು ಇಬ್ಬರಿಗೂ ಗೊತ್ತಿಲ್ಲ. ಮೊದಲಿನಿಂದ ಹೇಳಬೇಕು. ಎಲ್ಲಿಂದ... ಸಾರು ಉರಿದ ದಿನದಿಂದ? ಅಲ್ಲ, ಅವನನ್ನು ನಿಲ್ಲಿಸಿಯೇ ಕಳಿಸಿದ ದಿನದ್ದು ಮೊದಲು. ಆಮೇಲೆ —