ಏರಿನಲ್ಲಿ ನಿಲ್ಲುವ ಕಾರು

ಕೊತ್ತಗೆರೆಯ ದೊಡ್ಡಗಂಗಮ್ಮನವರಿಗೆ ನಮಸ್ಕಾರ.

ನನ್ನ ಹೊಸ ಕಾರು ಪ್ರತಿ ಸಲ ನಿಮ್ಮ ಮನೆ ಮುಂದಿನ ಏರಿನಲ್ಲೇ ನಿಂತುಬಿಡುತ್ತಿತ್ತು. "ಕಣ್ಣಾಗೈತೆ ಬುಡಿ ಸಾಮಿ" ಎಂದು ನೀವು ನಿಂಬೆಹಣ್ಣು ನಿವಾಳಿಸಿದಿರಿ. ತುಮಕೂರಿನ ಶೋರೂಮಿನವರು ಅಷ್ಟನ್ನೂ ಮಾಡಲಿಲ್ಲ. ತೊಳೆದು, "ಏನೂ ಪ್ರಾಬ್ಲಮ್ ಇಲ್ಲ ಸಾರ್" ಎಂದು ವಾಪಸು ಕೊಟ್ಟರು. ಎರಡನ್ನೂ ನಾನು ಮರೆಯುವವನಲ್ಲ.

ಹೋದ ತಿಂಗಳು ನನ್ನ ಹೆಂಡತಿ ಕೋಮಲಾಗೆ ಎದೆನೋವು ಬಂದು ಆಸ್ಪತ್ರೆಗೆ ಹೊರಟಾಗಲೂ ಕಾರು ಅಲ್ಲೇ ನಿಂತಿತು. "ಕಾಯೆಲ್ಲ ಇಳಿಸ್ಲಾ ಚಂದ್ರು, ಅಮ್ಮೋರ್ನ ಹತ್ತಿಸು!" ಎಂದು ನಿಮ್ಮ ಮಗನನ್ನು ಗದರಿ, ತೆಂಗಿನಕಾಯಿ ತುಂಬಿದ್ದ ನಿಮ್ಮ ಆಟೋದಲ್ಲೇ ಕುಣಿಗಲ್ಲಿಗೆ ಕಳಿಸಿದಿರಿ. ಕೋಮಲಾ ಉಳಿದಳು.

ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಕಾರು ನಿಲ್ಲುವುದನ್ನು ಕಂಡವರು ನೀವು. ದಯವಿಟ್ಟು ಸಾಕ್ಷಿ ಹೇಳಿ.

ಕೋಮಲಾಗೆ ನಿಮ್ಮ ಮುಖ ನೋಡಬೇಕಂತೆ. ಅಂದು ಅವಳಿಗೆ ಪ್ರಜ್ಞೆ ಇರಲಿಲ್ಲವಲ್ಲ. ಭಾನುವಾರ ಬಸ್ಸಿನಲ್ಲಿ ಬರುತ್ತೇವೆ.

ನಿಮ್ಮ ಋಣದಲ್ಲಿರುವ,
ಹನುಮಂತರಾಜು