ಹಗ್ಗ ಕಟ್ಟಿದ ಕೋಣೆ

ಬುಧವಾರ, ಮಧ್ಯಾಹ್ನ

ಒಂದು ಕಾಲದಲ್ಲಿ ನನ್ನ ಯಜಮಾನರಾಗಿದ್ದವರಿಗೆ,

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಅಂತ ಕೇಳುವುದಿಲ್ಲ. ಯಾಕೆ ಅನ್ನುವುದು ಈ ಕಾಗದ ಮುಗಿಯುವಷ್ಟರಲ್ಲಿ ನಿಮಗೇ ತಿಳಿಯುತ್ತದೆ.

ನಿಮ್ಮ ಲಕೋಟೆ ಸೋಮವಾರ ಬಂತು. ಮೇಲಿನ ಅಕ್ಷರ ನೋಡಿ ತಕ್ಷಣ ಬಿಚ್ಚಲಿಲ್ಲ. ಬೇರೆಯಾದ ಮೇಲೆ ನಿಮ್ಮ ಕಡೆಯಿಂದ ಬಂದದ್ದೆಲ್ಲ ವಕೀಲರ ಕಾಗದಗಳೇ. ಬಿಚ್ಚಿ ನೋಡಿದರೆ ಒಳಗೆ ಒಂದು ಕೋಣೆ! ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಕೈಯಲ್ಲಿದ್ದ ಕಾಫಿ ಆರಿ ತಣ್ಣಗಾದದ್ದೂ ಗೊತ್ತಾಗದೆ ನಿಂತಲ್ಲೇ ಓದಿದೆ. ಕೆಳಗೆ ನೀವು ಬರೆದಿದ್ದ ಒಂದೇ ಸಾಲು: ಛತ್ರಿ ಮೇಡಂಗೆ ಹೊಸ ಕೇಸು, ಬಿಡಿಸಲು ಆಗುತ್ತದೋ ನೋಡು. ಆ ಸಾಲಿನಲ್ಲಿ ಹಳೆಯ ನಿಮ್ಮ ದನಿ ಇತ್ತು.

ನಮ್ಮ ಕೆಲಸದ ಕ್ರಮವನ್ನು ನೀವು ಮರೆತಿಲ್ಲ. ಆದರೂ ನೆನಪಿಸುತ್ತೇನೆ, ಯಾಕೆಂದರೆ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದೇ ಈ ಸಲ ನಿಮಗೆ ಮುಳುವಾಗಿದೆ. ಪ್ರತಿ ಪುಸ್ತಕಕ್ಕೂ ಮೊದಲು ನೀವು ಒಂದು ಹಾಳೆಯಲ್ಲಿ ಸಾವಿನ ಕೋಣೆಯನ್ನು ಬರೆದುಕೊಡುತ್ತಿದ್ದಿರಿ. ಕೋಣೆಯಲ್ಲಿ ಏನಿದೆಯೋ ಎಲ್ಲ ಇರಬೇಕು, ಒಂದು ಸೂಜಿಯನ್ನೂ ಬಚ್ಚಿಡುವ ಹಾಗಿಲ್ಲ. ಸತ್ತವರು ಯಾರು, ಕೊಂದವರು ಯಾರು, ಹೇಗೆ ಅನ್ನುವುದನ್ನು ಮಾತ್ರ ಹೇಳುವ ಹಾಗಿಲ್ಲ. ಅದನ್ನು ನಾನು ಕಂಡುಹಿಡಿಯಬೇಕು. ನಾನು ಗೆದ್ದರೆ ಪುಸ್ತಕ. ನಾನು ಸೋತ ಕೋಣೆಗಳನ್ನು ನೀವು ನಗುನಗುತ್ತಾ ಹರಿದು ಹಾಕುತ್ತಿದ್ದಿರಿ. 'ನಿನಗೇ ಗೊತ್ತಾಗಲಿಲ್ಲ ಅಂದ್ಮೇಲೆ ಇನ್ಯಾರಿಗೂ ಗೊತ್ತಾಗಲ್ಲ ಬಿಡು' ಅನ್ನುತ್ತಿದ್ದಿರಿ. ಆಗ ಅದು ನನಗೆ ಹೊಗಳಿಕೆಯಂತೆ ಕೇಳಿಸುತ್ತಿತ್ತು.

ನಮ್ಮ ಪತ್ತೇದಾರಿಣಿ ಛತ್ರಿ ಮೇಡಂನ ಪುಸ್ತಕಗಳಲ್ಲಿ ಸತ್ತವರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಓದುಗರು ಎದುರಿಗೆ ಸಿಕ್ಕರೆ ಕೇಳುವುದು ಎರಡೇ: ಮೇಡಂ ಮದುವೆ ಆಗ್ತಾರಾ, ಆ ಕೊಡೆ ಯಾವ ಅಂಗಡಿಯಲ್ಲಿ ಸಿಗುತ್ತೆ. ನನಗೆ ಮಾತ್ರ ನೆನಪಿರುವುದು ಸತ್ತವರೇ. ಅಳತೆ ಟೇಪು ಕೊರಳಲ್ಲಿರುವಾಗಲೇ ಹೋದ ದರ್ಜಿ. ತನ್ನ ಕುರ್ಚಿಯಲ್ಲಿ ತಾನೇ ಬಾಯಿ ತೆರೆದು ಒರಗಿದ್ದ ಹಲ್ಲಿನ ಡಾಕ್ಟರು. ಮಂಜುಗಡ್ಡೆಯ ಗೋದಾಮಿನಲ್ಲಿ ಸಿಕ್ಕಿಬಿದ್ದ ಹೂವಿನ ವ್ಯಾಪಾರಿ, ಅವಳ ಬುಟ್ಟಿಯ ಹೂವು ಮಾತ್ರ ವಾರವಾದರೂ ಬಾಡಿರಲಿಲ್ಲ. ನೀವು ಕೋಣೆ ಕೊಡುತ್ತಿದ್ದಿರಿ, ಅದರಲ್ಲಿ ಸಾಯಲು ಬೇಕಾದವರನ್ನು ನಾನು ಹೆರಬೇಕಿತ್ತು. ಒಬ್ಬೊಬ್ಬರಿಗೂ ಒಂದು ಕೊನೆಯ ಬೆಳಗು ಬರೆಯುತ್ತಿದ್ದೆ. ದರ್ಜಿಗೆ ಕಾಜಾ ಹೊಲಿಯುವುದೆಂದರೆ ಬೇಜಾರು, ಡಾಕ್ಟರಿಗೆ ಮಿಠಾಯಿ ಹುಚ್ಚು. ನೀವು ಹಸ್ತಪ್ರತಿ ಓದುತ್ತಾ ಆ ಪುಟಗಳನ್ನು ಹಾರಿಸುತ್ತಿದ್ದಿರಿ. 'ಸಾಯೋರಿಗೆ ಇಷ್ಟೆಲ್ಲಾ ಯಾಕೆ? ಹೆಣ ಅಂದ್ರೆ ಕಥೇಲಿ ಒಂದು ಸಾಮಾನು, ಮೇಜು ಕುರ್ಚಿ ಇದ್ದ ಹಾಗೆ' ಅಂದಿದ್ದಿರಿ ಒಮ್ಮೆ.

ನಾನು ಯಾಕೆ ಬಿಟ್ಟುಹೋದೆ ಅಂತ ನೀವು ಊರೆಲ್ಲ ಕೇಳಿಕೊಂಡು ಬಂದಿರಂತೆ. ನಮ್ಮ ಮೇಲಿನ ಮನೆಯ ಸಂಗೀತದ ಮೇಷ್ಟ್ರು ಮೆಟ್ಟಿಲಿನಿಂದ ಬಿದ್ದು ತೀರಿಕೊಂಡ ದಿನ ನಿಮಗೆ ನೆನಪಿದೆಯೇ? ಅವರ ಹೆಂಡತಿ ಕಂಬ ಹಿಡಿದು ಅಳುತ್ತಿದ್ದರು. ನೀವು ಮೆಟ್ಟಿಲ ಕಟಕಟೆಯ ಎತ್ತರವನ್ನು ಗೇಣಿನಲ್ಲಿ ಅಳೆದು, ನನ್ನ ಕಿವಿಯಲ್ಲಿ 'ಚೆನ್ನಾಗಿದೆ, ನೆನಪಿಟ್ಕೋ' ಅಂದಿರಿ. ಮರುದಿನ ನಾನು ಪೆಟ್ಟಿಗೆ ಕಟ್ಟಿದೆ. ಬೇರೆ ಕಾರಣ ಹುಡುಕಿ ದಣಿಯಬೇಡಿ.

ಇರಲಿ, ಕೋಣೆಗೆ ಬರೋಣ. ನೀವು ಬರೆದದ್ದು ಇಷ್ಟು. ಉದ್ದನೆಯ ಕೋಣೆ. ಒಂದೇ ಕಿಟಕಿ, ಮುಚ್ಚಿದೆ. ಬಾಗಿಲಿಗೆ ಒಳಗಿನಿಂದ ಅಗುಳಿ, ಬೆಳಿಗ್ಗೆ ಒಡೆದು ತೆಗೆದದ್ದು. ಮಂಚದ ಮೇಲೆ ಒಬ್ಬ ಹೆಂಗಸು, ಮಲಗಿದಲ್ಲೇ ಹೋಗಿದ್ದಾಳೆ, ಮೈಮೇಲೆ ಒಂದು ಗೀರೂ ಇಲ್ಲ. ಪಕ್ಕದ ಸ್ಟೂಲಿನ ಮೇಲೆ ಒಂದೇ ಥರದ ಎರಡು ಮಾತ್ರೆ ಸೀಸೆ, ಒಂದರ ಕೊರಳಿಗೆ ರಬ್ಬರ್ ಬ್ಯಾಂಡು. ಅರ್ಧ ಕುಡಿದ ನೀರಿನ ಲೋಟ. ಒಂದು ರೇಡಿಯೋ. ಮೇಲಿನ ಹೋಲ್ಡರಿನಲ್ಲಿ ಬಲ್ಬ್ ಇಲ್ಲ. ಮಂಚದ ತಲೆಗಂಬದಿಂದ ಬಚ್ಚಲ ಬಾಗಿಲಿನವರೆಗೆ ಸೊಂಟದೆತ್ತರದಲ್ಲಿ ಬಿಗಿದ ನೈಲಾನ್ ಹಗ್ಗ, ಅದರ ಮೇಲೆ ಒಂದು ಬಟ್ಟೆಯೂ ಇಲ್ಲ.

ಎಂದಿನ ಹಾಗೆ ಕುರ್ಚಿ ಎಳೆದುಕೊಂಡು ಕೂತೆ. ಕೋಣೆಯೊಳಗೆ ಬಟ್ಟೆ ಒಣಹಾಕುವ ಹಗ್ಗವೇ? ಸೊಂಟದೆತ್ತರಕ್ಕೆ ಕಟ್ಟಿದರೆ ಸೀರೆ ನೆಲಕ್ಕೆ ತಾಗುವುದಿಲ್ಲವೇ? ಬಟ್ಟೆಗಲ್ಲವಾದರೆ ಕೈಗೆ. ಕತ್ತಲಲ್ಲಿ ಹಿಡಿದು ನಡೆಯಲು. ಬಲ್ಬ್ ಇಲ್ಲದ್ದು ಯಾರ ಗಮನಕ್ಕೂ ಬಂದಿಲ್ಲ ಅಂದರೆ ಆ ಹೆಂಗಸಿಗೆ ಬಲ್ಬಿನಿಂದ ಉಪಯೋಗವಿಲ್ಲ. ಕಣ್ಣು ಕಾಣದವಳು! ನನ್ನ ಜಾಣತನಕ್ಕೆ ನಾನೇ ಬೀಗಿದೆ. ಆಮೇಲೆ, ಪೆನ್ನು ತೆಗೆದುಕೊಳ್ಳಲು ಏಳುತ್ತಿದ್ದವಳು ಹಾಳೆಯನ್ನು ಮೊದಲಿನಿಂದ ಮತ್ತೆ ಓದಿದೆ.

ನಿಮಗೆ ಗೊತ್ತಿಲ್ಲದ ಒಂದು ವಿಷಯವಿದೆ. ದಿನಾ ನೀವು ನಿಮ್ಮ ಔಷಧಿ ಅಂಗಡಿಗೆ ಹೋದ ಮೇಲೆ ನಿಮ್ಮ ಅಕ್ಕ ನನಗೆ ಫೋನ್ ಮಾಡುತ್ತಾಳೆ. ನಾನು ನಿಮ್ಮನ್ನು ಬಿಟ್ಟೆ, ಅವಳನ್ನು ಬಿಟ್ಟಿರಲಿಲ್ಲ. ಕಣ್ಣು ಪೂರ್ತಿ ಹೋದ ಮೇಲೆ ಅವಳು ಒಮ್ಮೆ ನಗುತ್ತಾ ಹೇಳಿದ್ದಳು: 'ನನ್ನ ಕೋಣೇಲಿ ಹಗ್ಗ ಕಟ್ಸಿದಾನೆ ಕಣೇ ನಿನ್ನ ಗಂಡ. ಈಗ ನಾನು ಬಸ್ಸಲ್ಲಿ ನಿಂತಿರೋ ಹಾಗೆ ಕಂಬಿ ಹಿಡ್ಕೊಂಡು ಬಚ್ಚಲಿಗೆ ಹೋಗ್ತೀನಿ, ಟಿಕೆಟ್ ಕೇಳೋರು ಮಾತ್ರ ಇಲ್ಲ.' ಮಾತ್ರೆಯ ವಿಷಯವನ್ನೂ ಹೇಳಿದ್ದಳು. ಎರಡೂ ಸೀಸೆ ಕೈಗೆ ಒಂದೇ, ಎರಡರ ಮಾತ್ರೆಯೂ ಒಂದೇ ಅಳತೆ. ಬ್ಯಾಂಡು ಇಲ್ಲದ್ದು ಬೆಳಗಿನದು, ಎದೆಯ ಕಾಯಿಲೆಗೆ, ಬಲು ಜೋರು, ಅರ್ಧಕ್ಕಿಂತ ಹೆಚ್ಚು ನುಂಗಬಾರದು. ಬ್ಯಾಂಡು ಇರುವುದು ರಾತ್ರಿಯದು, ಬರೀ ಶಕ್ತಿಗೆ, ಮೂರು ಒಟ್ಟಿಗೇ ನುಂಗಬಹುದು. ಆ ಬ್ಯಾಂಡು ಹಾಕಿಕೊಟ್ಟವರು ನೀವೇ.

ಹಾಗಾಗಿ ಉತ್ತರ ಬರೆಯಲು ನನಗೆ ಛತ್ರಿ ಮೇಡಂ ಬೇಕಾಗಲಿಲ್ಲ. ಸಂಜೆ ಯಾರೋ ಬ್ಯಾಂಡನ್ನು ಈ ಸೀಸೆಯಿಂದ ತೆಗೆದು ಆ ಸೀಸೆಗೆ ಹಾಕುತ್ತಾರೆ. ಅವಳು ಅಗುಳಿ ಹಾಕಿ, ಹಗ್ಗ ಹಿಡಿದು ಬಂದು, ಬ್ಯಾಂಡು ತಡವಿ, ಮೂರು ಮಾತ್ರೆ ನುಂಗಿ ಮಲಗುತ್ತಾಳೆ. ಬೆಳಿಗ್ಗೆ ಅಕ್ಕಪಕ್ಕದವರನ್ನು ಕೂಗಿ ಬಾಗಿಲು ಒಡೆಸುತ್ತಾರೆ. ಎಲ್ಲರಿಗಿಂತ ಮೊದಲು ತಮ್ಮ ಒಳಗೆ ನುಗ್ಗಿ, ಅಕ್ಕಾ ಅಂತ ಮಂಚದ ಪಕ್ಕ ಬೀಳುತ್ತಾನೆ. ಅಳುವವನ ಕೈ ಸ್ಟೂಲಿನ ಮೇಲೆ ಏನು ಮಾಡುತ್ತಿದೆ ಅಂತ ಯಾರು ನೋಡುತ್ತಾರೆ? ಬ್ಯಾಂಡು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಕುರುಡಿ, ವಯಸ್ಸಾಗಿತ್ತು, ಕೈ ತಪ್ಪಿರಬೇಕು ಅನ್ನುತ್ತಾರೆ. ಮನೆ ಅವಳ ಹೆಸರಿನಲ್ಲಿತ್ತು, ಮಾರಲು ಅವಳು ಒಪ್ಪಿರಲಿಲ್ಲ ಅನ್ನುವುದು ಕೋಣೆಯ ಹಾಳೆಯಲ್ಲಿ ಬರುವುದಿಲ್ಲ.

ಹಗ್ಗದ ಬಗ್ಗೆ ಬರೆಯದೆ ಬಿಟ್ಟಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ನೀವು ಬಿಡುವವರಲ್ಲ. ಕೋಣೆ ಸುಳ್ಳು ಹೇಳಬಾರದು ಅನ್ನುವುದು ನೀವೇ ಹಾಕಿದ ನಿಯಮ, ಅದರಲ್ಲಿ ನಿಮ್ಮಷ್ಟು ಪ್ರಾಮಾಣಿಕರನ್ನು ನಾನು ಕಂಡಿಲ್ಲ.

ನಿನ್ನೆ ನೀವು ಅಂಗಡಿಯಲ್ಲಿದ್ದಾಗ ಬಂದಿದ್ದೆ. ಅಕ್ಕ ಬಾಗಿಲ ಸಂದಿಯಿಂದಲೇ ಯಾರು ಅಂದಳು, ನಾನು ಅಂದೆ. 'ಬಂದ್ಯಾ? ಛತ್ರಿ ತಂದಿದೀಯಾ ಇಲ್ವಾ?' ಅಂದಳು. ಆ ಕೋಣೆಯಲ್ಲಿ ನಿಂತು ಸುತ್ತ ನೋಡಿದೆ. ಎಲ್ಲ ನೀವು ಬರೆದ ಹಾಗೇ ಇತ್ತು. ಸ್ಟೂಲು, ಲೋಟ, ರೇಡಿಯೋ. ಇಷ್ಟು ವರ್ಷ ಹಾಳೆಯ ಮೇಲೆ ಓದುತ್ತಿದ್ದಂಥ ಕೋಣೆಯೊಳಗೆ ಮೊದಲ ಸಲ ಕಾಲಿಟ್ಟಿದ್ದೆ, ಮಂಚದ ಮೇಲಿರಬೇಕಾದವಳು ನನ್ನ ಕೈ ಹಿಡಿದು ಬಡಕಲಾಗಿದ್ದೀಯ ಅಂತ ಬೈಯುತ್ತಿದ್ದಳು. ನನಗೆ ಅಳು ಬಂತು. ಸ್ವಲ್ಪ ದಿನ ನನ್ನ ಜೊತೆ ಇರು ಬಾ ಅಂದೆ, ಕಾರಣ ಹೇಳಲಿಲ್ಲ. ಗೆಳತಿಯ ಮನೆಗೆ ಹೋಗಿದ್ದಾಳೆ ಅಂತ ಮೇಜಿನ ಮೇಲೆ ಚೀಟಿ ಇಟ್ಟವಳು ನಾನೇ. ಅವಳು ಇಲ್ಲಿದ್ದಾಳೆ, ಇನ್ನು ಇಲ್ಲೇ ಇರುತ್ತಾಳೆ.

ಈಗ ನಾನು ಹೇಳಬೇಕೆಂದಿರುವುದನ್ನು ಹೇಳುತ್ತೇನೆ. ಎರಡು ದಿನದಿಂದ ಒಂದೇ ಪ್ರಶ್ನೆ ನನ್ನನ್ನು ಕೊರೆಯುತ್ತಿದೆ. ಮಾಡಬೇಕೆಂದು ನಿಶ್ಚಯಿಸಿದವರು ನನಗೇಕೆ ಬರೆದಿರಿ? ನಾನು ಬಿಡಿಸಲಾರದೆ ಸೋತರೆ ಧೈರ್ಯವಾಗಿ ಮುಂದುವರಿಯಬಹುದು ಅಂತಲೇ? ಇರಬಹುದು. ಆದರೆ ನಾನು ನಿಮ್ಮ ಜೊತೆ ಬಾಳಿದವಳು, ಜ್ವರ ಬಂದಾಗ ನನ್ನ ಪಾದ ಒತ್ತಿದ ಕೈ ನಿಮ್ಮದು. ನಿಮ್ಮೊಳಗೆ ಎಲ್ಲೋ ಒಂದು ಮೂಲೆಯಲ್ಲಿ, ಇವಳಾದರೂ ಕಂಡುಹಿಡಿದು ನನ್ನನ್ನು ತಡೆಯಲಿ ಅನ್ನುವ ಆಸೆ ಇತ್ತು ಅಂತ ನಾನು ನಂಬುತ್ತೇನೆ. ನೀವು ಕೇಳಿದಿರಿ, ನಾನು ತಡೆದಿದ್ದೇನೆ. ನಡೆಯದೇ ಹೋದದ್ದಕ್ಕೆ ಶಿಕ್ಷೆ ಬೇಡ. ಅಕ್ಕನ ತಂಟೆಗೆ ಬರುವುದಿಲ್ಲ ಅಂತ ಎರಡು ಸಾಲು ಬರೆದು ಕಳಿಸಿ. ಆ ಹಾಳೆಯನ್ನು ಒಲೆಗೆ ಹಾಕುತ್ತೇನೆ. ತಮ್ಮ ಹೀಗೆ ಯೋಚಿಸಿದ್ದ ಅಂತ ಅವಳಿಗೆ ಎಂದೂ ತಿಳಿಯುವುದು ಬೇಡ, ಆ ನೋವನ್ನು ಅವಳು ತಾಳಲಾರಳು. ಈ ವಿಷಯ ನಮ್ಮಿಬ್ಬರ ನಡುವೆಯೇ ಸಾಯಲಿ.

ನಿಮ್ಮ ಕೋಣೆಗಳಿಗೆ ಇಷ್ಟು ದಿನ ಜನರನ್ನು ಒದಗಿಸಿದವಳು,
ಪುಸ್ತಕದ ಮೇಲೆ ಹೆಸರಿರುವವಳು

ಸಹಿ ಹಾಕಿದ ಮೇಲೆ:

ಲಕೋಟೆಗೆ ಅಂಟು ಹಚ್ಚುವ ಮೊದಲು, ಬರೆದದ್ದನ್ನು ಗಟ್ಟಿಯಾಗಿ ಓದಿಕೊಂಡೆ. ಪ್ರತಿ ಅಧ್ಯಾಯವನ್ನೂ ಹಾಗೆ ಓದಿ ನೋಡುವುದು ನನ್ನ ಅಭ್ಯಾಸ, ನೀವೇ ಎಷ್ಟೋ ಸಲ ರೇಗಿಸಿದ್ದೀರಿ. ಮುಗಿಸಿ ತಿರುಗಿದರೆ ಅಕ್ಕ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು.

ಅವಳು ಅಳಲಿಲ್ಲ. 'ತಡೀ ಅಂತ ನಿನ್ನನ್ನೇನೂ ಅವ್ನು ಕೇಳಿಲ್ಲ ಕಣೇ' ಅಂದಳು. ಆಮೇಲೆ ಮಂಚದ ತುದಿಯಲ್ಲಿ ಕೂತು ಹೇಳಿದಳು. ಕಳೆದ ಶನಿವಾರ ಮಲಗುವಾಗ ಬ್ಯಾಂಡಿನ ಸೀಸೆಯಿಂದ ಮೂರು ಮಾತ್ರೆ ಬಾಯಿಗೆ ಹಾಕಿಕೊಂಡಳಂತೆ. ರಾತ್ರಿಯ ಮಾತ್ರೆಗೆ ಸಿಹಿ ಲೇಪ ಇರುತ್ತದೆ, ಇದು ನಾಲಿಗೆಗೆ ತಾಗಿದ್ದೇ ಕಹಿ. ನೀವು ಅವಳಿಗೆ ಮಾತ್ರೆ ಕೊಟ್ಟಿರಿ, ಅದರ ರುಚಿಯನ್ನು ಯೋಚಿಸಲಿಲ್ಲ. ಅವಳು ಕರವಸ್ತ್ರಕ್ಕೆ ಉಗಿದು, ಬ್ಯಾಂಡನ್ನು ತಾನೇ ಎಲ್ಲೋ ತಪ್ಪಿ ಹಾಕಿರಬೇಕು ಅಂತ ತನ್ನನ್ನೇ ಬೈದುಕೊಂಡು, ಸರಿ ಸೀಸೆಗೆ ಹಾಕಿ ಮಲಗಿದಳು. ಬೆಳಿಗ್ಗೆ ನೀವು ಬಾಗಿಲು ಬಡಿದಿರಿ. ಹೊರಗೆ ಪಕ್ಕದ ಮನೆಯವರ ದನಿಯೂ ಇತ್ತು. 'ಯಾಕೋ, ಇಷ್ಟು ಬೇಗ?' ಅಂತ ಅವಳು ಒಳಗಿನಿಂದ ಕೂಗಿದಳು. ಆಮೇಲೆ ನೀವು, ತಿಂಡಿಗೆ ಏನು ಮಾಡ್ಲಿ ಅಕ್ಕಾ ಅಂತ ಕೇಳಿದಿರಂತೆ.

ನಿಮ್ಮ ಹಾಳೆ ತೆಗೆದು ಮೇಲಿನ ತಾರೀಖು ನೋಡಿದೆ. ಶನಿವಾರದ್ದು. ಬ್ಯಾಂಡು ಬದಲಿಸಿ, ಅಂಚೆಗೆ ಹಾಕಿ, ಬೆಳಗಾಗುವುದನ್ನು ಕಾಯುತ್ತಾ ಕೂತಿರಿ. ಅದು ಪರೀಕ್ಷೆಯೂ ಅಲ್ಲ, ನನ್ನನ್ನು ತಡೆ ಅನ್ನುವ ಮೊರೆಯೂ ಅಲ್ಲ. ಕೆಲಸ ಮುಗಿಯಿತು ಅಂದುಕೊಂಡು, ಮುಂದಿನ ಪುಸ್ತಕಕ್ಕೆ ನನಗೆ ಕೊಟ್ಟ ಸಾಮಾನು. ಮೇಲೆ ಕ್ಷಮಿಸುವ ಮಾತು ಬರೆದಿದ್ದೇನಲ್ಲ, ಅದನ್ನು ಹೊಡೆದು ಹಾಕಿಲ್ಲ. ಓದಿ ನೋಡಿ, ನಿಮಗೆ ಏನು ಸಿಗುವುದರಲ್ಲಿತ್ತು ಅಂತ ತಿಳಿಯಲಿ.

ಉಗಿದ ಮಾತ್ರೆಗಳು ಅವಳ ಕರವಸ್ತ್ರದಲ್ಲೇ ಇದ್ದವು. ನಿಮ್ಮ ಹಾಳೆಯ ಜೊತೆ ಅವನ್ನೂ ಕೊಡಬೇಕಾದವರಿಗೆ ಕೊಟ್ಟಾಗಿದೆ, ಕೊಡುವಾಗ ಅಕ್ಕ ನನ್ನ ತೋಳು ಹಿಡಿದುಕೊಂಡು ಜೊತೆಗೇ ಬಂದಿದ್ದಳು. ಈ ಕಾಗದ ತಂದುಕೊಟ್ಟವರು ಅಂಚೆಯವರಲ್ಲ ಅನ್ನುವುದನ್ನು ನೀವು ಆಗಲೇ ನೋಡಿರುತ್ತೀರಿ. ಪೂರ್ತಿ ಓದುವವರೆಗೆ ಬಿಡಿ ಅಂತ ನಾನೇ ಅವರನ್ನು ಕೇಳಿಕೊಂಡಿದ್ದೆ. ಇನ್ನು ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ಹೊರಡಿ.